ಗ್ಯಾಸ್ ಗೀಸರ್ ಸುರಕ್ಷಿತವಲ್ಲ ಎಂದು ವಾಲ್ವ್ ಮುಚ್ಚಿದರೆ ಮುಂದೇನು?

ಪೈಪ್ ಗ್ಯಾಸ್ ಕಂಪನಿಯ ತಂತ್ರಜ್ಞರು ತಪಾಸಣೆಗೆಂದು ನಿಮ್ಮ ಮನೆಗೆ ಬಂದಿದ್ದಾರೆ ಎಂದುಕೊಳ್ಳಿ. ಅಡುಗೆಮನೆಯ ಒಲೆ, ರಬ್ಬರ್ ಟ್ಯೂಬ್, ಮೀಟರ್ ಎಲ್ಲವನ್ನೂ ನೋಡಿದ ಮೇಲೆ ಬಾತ್‌ರೂಮಿಗೆ ಹೋಗುತ್ತಾರೆ. ಗೋಡೆಯ ಮೇಲೆ ಗ್ಯಾಸ್ ಗೀಸರ್ ಇದೆ. ಅದರ ಹೊಗೆ ಹೊರಗೆ ಹೋಗಲು ಕೊಳವೆಯಿಲ್ಲ. ಪಾರಿವಾಳಗಳ ಕಾಟ ತಡೆಯಲು ನೀವು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದೀರಿ. ಅವರು ಗೀಸರಿನ ವಾಲ್ವ್ ಮುಚ್ಚಿ, ಒಂದು ಚೀಟಿ ಬರೆದುಕೊಟ್ಟು, ‘ಇದನ್ನು ಇನ್ನು ಹಚ್ಚಬೇಡಿ’ ಎಂದು ಹೇಳಿ ಹೋಗುತ್ತಾರೆ.

ಅದೇ ಬೆಳಿಗ್ಗೆ ಮನೆಯವರೆಲ್ಲ ಅದೇ ಗೀಸರಿನ ಬಿಸಿನೀರಿನಲ್ಲಿ ಸ್ನಾನ ಮಾಡಿದ್ದೀರಿ. ಗ್ಯಾಸಿನ ವಾಸನೆ ಬಂದಿಲ್ಲ. ಇಷ್ಟು ವರ್ಷ ಏನೂ ಆಗಿಲ್ಲ. ಹಾಗಾಗಿ ‘ಅವರು ಹೇಳುವುದು ಹೇಳಲಿ, ನಾಳೆ ಪ್ಲಂಬರನ್ನು ಕರೆದು ತೆರೆಸೋಣ’ ಎಂದು ಅನಿಸುವುದು ಸಹಜ. ಈ ಲೇಖನ ಹಾಗೆ ಏಕೆ ಮಾಡಬಾರದು ಎಂಬುದನ್ನು ವಿವರಿಸುತ್ತದೆ. ವಾಲ್ವ್ ಮುಚ್ಚಿದ ದಿನದಿಂದ ಅದು ಮತ್ತೆ ತೆರೆಯುವವರೆಗೆ ನೀವು ಏನು ಮಾಡಬೇಕು ಎಂಬುದನ್ನೂ ಹೇಳುತ್ತದೆ.

ಮುಖ್ಯ ಅಂಶಗಳು

• ನೀರು ಚೆನ್ನಾಗಿ ಕಾಯಿಸುವ ಗೀಸರೂ ಅಪಾಯಕಾರಿಯಾಗಿರಬಹುದು. ಅಪಾಯ ಇರುವುದು ಅದು ಉರಿದು ಬಿಡುವ ಹೊಗೆಯಲ್ಲಿ.
• ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.
• ಮುಚ್ಚಿದ ವಾಲ್ವನ್ನು ನೀವಾಗಿ ತೆರೆಯಬೇಡಿ, ಬೇರೆಯವರಿಂದಲೂ ತೆರೆಸಬೇಡಿ.
• ಸ್ನಾನದ ವೇಳೆ ಯಾರಿಗಾದರೂ ತಲೆಸುತ್ತು, ತಲೆನೋವು, ವಾಕರಿಕೆ ಅಥವಾ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಗೀಸರಿನ ವಿಷಯವನ್ನು ತಪ್ಪದೆ ಹೇಳಿ.

ಮುಂಬಯಿಯಲ್ಲಿ ಆಗಿದ್ದೇನು?

2020ರ ಜನವರಿಯಲ್ಲಿ ಬೊರಿವಲಿಯ ಶಾಲಾ ಬಾಲಕಿಯೊಬ್ಬಳು ಸ್ನಾನಕ್ಕೆ ಹೋದವಳು ಬಾತ್‌ರೂಮಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು. ಆಸ್ಪತ್ರೆಗೆ ಸೇರಿಸಿದರೂ ಕೆಲವು ದಿನಗಳಲ್ಲಿ ತೀರಿಕೊಂಡಳು. ಗ್ಯಾಸ್ ಗೀಸರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಇದಕ್ಕೆ ಕಾರಣವೆಂದು ವರದಿಯಾಯಿತು. 2023ರ ಮಾರ್ಚ್‌ನಲ್ಲಿ ಹೋಳಿ ಆಡಿ ಬಂದ ಘಾಟ್ಕೋಪರ್‌ನ ದಂಪತಿ ತಮ್ಮ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಮೃತರಾಗಿ ಸಿಕ್ಕರು. ಅಲ್ಲಿಯೂ ಸಂಶಯ ಹೋದದ್ದು ಗ್ಯಾಸ್ ಗೀಸರಿನ ಮೇಲೆ. ಎರಡೂ ಕಡೆ ಇದ್ದದ್ದು ನಮ್ಮ ನಿಮ್ಮ ಮನೆಗಳಲ್ಲಿರುವಂಥ ಮಾಮೂಲಿ ಬಾತ್‌ರೂಮು.

ಗೀಸರಿನಿಂದ ವಿಷಾನಿಲ ಹುಟ್ಟುವುದು ಹೇಗೆ?

ಅಡುಗೆ ಅನಿಲ ಪೂರ್ತಿಯಾಗಿ ಉರಿಯಲು ಬೇಕಾದಷ್ಟು ಆಮ್ಲಜನಕ ಇರಬೇಕು. ಆಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. ಆಮ್ಲಜನಕ ಸಾಲದಿದ್ದರೆ ಅನಿಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಪೈಪಿನಲ್ಲಿ ಬರುವ ಪಿಎನ್‌ಜಿ ಆಗಲಿ, ಸಿಲಿಂಡರಿನ ಎಲ್‌ಪಿಜಿ ಆಗಲಿ, ಇದರಲ್ಲಿ ವ್ಯತ್ಯಾಸವಿಲ್ಲ.

ಒಂದು ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಸಣ್ಣ ಗೀಸರಿಗೆ ಸುಮಾರು 12 ಕಿಲೋವ್ಯಾಟ್ ಉರಿ ಬೇಕು. ಅಡುಗೆ ಒಲೆಯ ಒಂದು ಬರ್ನರಿಗೆ ಹೋಲಿಸಿದರೆ ಇದು ನಾಲ್ಕೈದು ಪಟ್ಟು. ಒಂದು ಘನ ಮೀಟರ್ ಪಿಎನ್‌ಜಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಹೀಗೆ ಕಾಲು ಗಂಟೆಯಲ್ಲಿ ಆ ಗೀಸರಿಗೆ ಹೆಚ್ಚುಕಡಿಮೆ 3 ಘನ ಮೀಟರ್ ಗಾಳಿ ಬೇಕಾಗುತ್ತದೆ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿರುವ ಒಟ್ಟು ಗಾಳಿಯೇ ಐದೂವರೆ ಘನ ಮೀಟರಿಗಿಂತ ಕಡಿಮೆ. ಅಂದರೆ ಬಾಗಿಲು, ಕಿಟಕಿ ಮುಚ್ಚಿ ಒಬ್ಬರು ಸ್ನಾನ ಮಾಡಿ ಬರುವಷ್ಟರಲ್ಲಿ ಒಳಗಿನ ಗಾಳಿಯ ಅರ್ಧಕ್ಕಿಂತ ಹೆಚ್ಚು ಭಾಗ ಬರ್ನರಿನ ಮೂಲಕ ಹಾದುಹೋಗಿರುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಅದೇ ಗಾಳಿ ಮತ್ತೆ ಬರ್ನರಿಗೂ ಸ್ನಾನ ಮಾಡುವವರ ಶ್ವಾಸಕೋಶಕ್ಕೂ ಹೋಗುತ್ತದೆ.

ಒಬ್ಬರಾದ ಮೇಲೆ ಒಬ್ಬರು ಬಿಡುವಿಲ್ಲದೆ ಸ್ನಾನಕ್ಕೆ ಹೋಗುವ ಮನೆಗಳಲ್ಲಿ ಕೊನೆಗೆ ಹೋದವರಿಗೆ ಅಪಾಯ ಹೆಚ್ಚು. ಮಳೆಗಾಲದಲ್ಲಿ ಎರಚಲು ಒಳಗೆ ಬಾರದಿರಲೆಂದು, ಡಿಸೆಂಬರ್–ಜನವರಿಯಲ್ಲಿ ಚಳಿಯೆಂದು ಕಿಟಕಿ ಮುಚ್ಚುತ್ತೇವೆ. ಬಿಸಿನೀರು ಹೆಚ್ಚು ಬೇಕಾಗುವುದೂ ಅದೇ ದಿನಗಳಲ್ಲಿ.

ವಾಸನೆ ಬಂದಿಲ್ಲವಲ್ಲ?

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದು ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕವನ್ನು ಸೇರಿಸಿರುತ್ತಾರೆ. ಗ್ಯಾಸ್ ಉರಿಯುವಾಗ ಅದೂ ಉರಿದುಹೋಗುತ್ತದೆ. ಆದ್ದರಿಂದ ವಾಸನೆ ಇಲ್ಲವೆಂದರೆ ಉರಿಯದ ಗ್ಯಾಸ್ ಸೋರುತ್ತಿಲ್ಲ ಎಂದಷ್ಟೇ ಅರ್ಥ. ಉರಿದ ಗ್ಯಾಸಿನ ಹೊಗೆ ಎಲ್ಲಿಗೆ ಹೋಗುತ್ತಿದೆ ಎಂಬುದು ವಾಸನೆಯಿಂದ ತಿಳಿಯುವುದಿಲ್ಲ. ಸೋಪ್ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಸೋರಿಕೆಗೆ ಮಾತ್ರ.

ದೇಹದೊಳಗೆ ಏನಾಗುತ್ತದೆ?

ರಕ್ತದಲ್ಲಿರುವ ಹಿಮೋಗ್ಲೋಬಿನ್ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಒಯ್ಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಮೇಲೆ ಆಮ್ಲಜನಕಕ್ಕೆ ಜಾಗವಿರುವುದಿಲ್ಲ. ಮೊದಲು ತೊಂದರೆಗೆ ಸಿಲುಕುವುದು ಮಿದುಳು ಮತ್ತು ಹೃದಯ.

ಆರಂಭದ ಲಕ್ಷಣಗಳು ತೀರ ಸಾಮಾನ್ಯವಾದವು: ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಕಾಲು ಸೋತ ಅನುಭವ. ಮುಂದೆ ಗೊಂದಲ, ಎದೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು, ಕೊನೆಗೆ ಸಾವು. ಕಾಲು ಸೋಲುವುದರಿಂದ ಅಪಾಯದ ಅರಿವಾದರೂ ಎದ್ದು ಬಾಗಿಲು ತೆಗೆಯಲು ಆಗದೆ ಹೋಗಬಹುದು. ಗರ್ಭಿಣಿಯರು, ಹೊಟ್ಟೆಯಲ್ಲಿರುವ ಮಗು, ಚಿಕ್ಕ ಮಕ್ಕಳು, ವಯಸ್ಸಾದವರು, ಹೃದ್ರೋಗ ಅಥವಾ ರಕ್ತಹೀನತೆ ಇರುವವರಿಗೆ ಕಡಿಮೆ ಪ್ರಮಾಣವೂ ಹೆಚ್ಚು ಹಾನಿ ಮಾಡಬಲ್ಲದು.

ಔಷಧ ಅಂಗಡಿಯ ಕೌಂಟರಿನಲ್ಲಿ ತಲೆನೋವಿನ ಮಾತ್ರೆ ಕೇಳುವವರನ್ನು ‘ಯಾವಾಗ ಬರುತ್ತದೆ, ಎಲ್ಲಿದ್ದಾಗ ಬರುತ್ತದೆ’ ಎಂದು ವಿಚಾರಿಸುವವರು ಕಡಿಮೆ. ಈ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ. ಸ್ನಾನ ಮಾಡಿ ಬಂದಾಗ ತಲೆನೋವು, ಹೊರಗೆ ಹೋದರೆ ಕಡಿಮೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಂದೇ ತೊಂದರೆ. ಹೀಗಿದ್ದರೆ ಮಾತ್ರೆ ನುಂಗುವ ಮೊದಲು ಗೀಸರನ್ನು ಅನುಮಾನಿಸಿ.

ಫಿಟ್ಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಿ ಪ್ರಜ್ಞೆ ತಪ್ಪಿದವರ, ಫಿಟ್ಸ್ ಬಂದವರ ಪ್ರಕರಣಗಳನ್ನು ಭಾರತದ ನರರೋಗ ತಜ್ಞರು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಗೀಸರಿನ ವಿಷಯ ಯಾರೂ ಹೇಳದಿದ್ದರೆ ಇದನ್ನು ಅಪಸ್ಮಾರವೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ಕೊಡುವ ಸಾಧ್ಯತೆಯಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮೊದಲ ಬಾರಿ ಫಿಟ್ಸ್ ಬಂದದ್ದು ಬಾತ್‌ರೂಮಿನಲ್ಲೇ ಆಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಆದರೆ ಈಗ ತೆಗೆದುಕೊಳ್ಳುತ್ತಿರುವ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರಬಹುದು.

‘ಸುರಕ್ಷಿತವಲ್ಲ’ ಎಂದು ಯಾರು, ಏಕೆ ಹೇಳುತ್ತಾರೆ?

ಬ್ರಿಟನ್ನಿನಲ್ಲಿ ನೋಂದಾಯಿತ ಗ್ಯಾಸ್ ಎಂಜಿನಿಯರುಗಳು ಅಪಾಯಕಾರಿ ಉಪಕರಣಗಳನ್ನು ‘ತಕ್ಷಣದ ಅಪಾಯ’, ‘ಅಪಾಯದ ಸಾಧ್ಯತೆ’ ಎಂದು ಎರಡು ವರ್ಗ ಮಾಡಿ ಎಚ್ಚರಿಕೆಯ ಚೀಟಿ ಅಂಟಿಸುತ್ತಾರೆ. ಮುಂಬಯಿಯ ಮನೆಗಳಲ್ಲಿ ಈ ಮಾತು ಸಾಮಾನ್ಯವಾಗಿ ಮೂವರಲ್ಲಿ ಒಬ್ಬರಿಂದ ಬರುತ್ತದೆ: ಪಿಎನ್‌ಜಿ ಇದ್ದರೆ ಮಹಾನಗರ ಗ್ಯಾಸ್ ಕಂಪನಿಯ ಕಡೆಯವರು, ಸಿಲಿಂಡರ್ ಇದ್ದರೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್, ಇಲ್ಲವೇ ಗೀಸರ್ ಕಂಪನಿಯ ಸರ್ವೀಸ್‌ನವರು. ಚೀಟಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮರಾಠಿಯಲ್ಲಿ ‘ಧೋಕಾದಾಯಕ’ ಎಂದರೆ ಅಪಾಯಕಾರಿ, ‘ಅಸುರಕ್ಷಿತ’ ಎಂದರೆ ಕನ್ನಡದಲ್ಲಿರುವ ಅರ್ಥವೇ. ಓದಲು ಬಾರದಿದ್ದರೆ ಸಹಿ ಹಾಕುವ ಮೊದಲು ಓದಿಸಿಕೊಳ್ಳಿ.

ಹೆಚ್ಚಾಗಿ ಕಾಣುವ ಕಾರಣಗಳು ಇವು:

• ಹೊಗೆ ಕೊಳವೆ ಇಲ್ಲದ ಗೀಸರನ್ನು ಬಾತ್‌ರೂಮಿನೊಳಗೇ ಹಾಕಿರುವುದು.
• ಹೊಗೆ ಕೊಳವೆ ಇದ್ದರೂ ಅದು ಬಿಟ್ಟುಕೊಂಡಿರುವುದು, ತುಕ್ಕು ಹಿಡಿದಿರುವುದು, ಪಾರಿವಾಳದ ಗೂಡಿನಿಂದ ಕಟ್ಟಿಕೊಂಡಿರುವುದು ಅಥವಾ ಗಾಜು ಹಾಕಿ ಮುಚ್ಚಿದ ಬಾಲ್ಕನಿಯೊಳಗೇ ಕೊನೆಯಾಗಿರುವುದು.
• ಗಾಳಿ ಬರುವ ಕಿಂಡಿ, ಕಿಟಕಿಗಳನ್ನು ಮುಚ್ಚಿರುವುದು.
• ಎಲ್‌ಪಿಜಿಗೆಂದು ಮಾಡಿದ ಗೀಸರನ್ನು ಹಾಗೆಯೇ ಪಿಎನ್‌ಜಿಗೆ ಜೋಡಿಸಿರುವುದು. ಎರಡು ಅನಿಲಗಳ ಒತ್ತಡ, ಶಾಖ ಬೇರೆ ಬೇರೆ. ಬರ್ನರಿನ ಜೆಟ್‌ಗಳೂ ಬೇರೆಯಾಗಿರಬೇಕು.
• ಉರಿ ನೀಲಿಯಾಗಿರದೆ ಹಳದಿಯಾಗಿರುವುದು, ಗೀಸರಿನ ಮೇಲೆ ಅಥವಾ ಗೋಡೆಯ ಮೇಲೆ ಮಸಿ ಕಾಣುವುದು.
• ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿರುವುದು, ಜೋಡಣೆಯಲ್ಲಿ ಸೋರಿಕೆ.

ಉರಿ ನೀಲಿಯಾಗಿದ್ದ ಮಾತ್ರಕ್ಕೆ ಗೀಸರ್ ಸುರಕ್ಷಿತ ಎಂದಲ್ಲ. ಬಾಗಿಲು ತೆರೆದು ಪರೀಕ್ಷಿಸುವಾಗ ನೀಲಿಯಾಗಿ ಉರಿಯುವ ಗೀಸರ್, ಬಾಗಿಲು ಮುಚ್ಚಿ ಹತ್ತು ನಿಮಿಷವಾದ ಮೇಲೆ ಬೇರೆ ರೀತಿ ಉರಿಯಬಹುದು.

ವಾಲ್ವ್ ಮುಚ್ಚಿದ ದಿನ ಏನು ಮಾಡಬೇಕು?

1. ಕಾರಣ ಕೇಳಿ, ಬರೆಸಿಕೊಳ್ಳಿ. ದೋಷ ಗೀಸರಿನದೋ, ಅದನ್ನು ಹಾಕಿದ ಜಾಗದ್ದೋ, ಪೈಪಿನದೋ ಎಂಬುದು ಮುಖ್ಯ. ಜಾಗವೇ ತಪ್ಪಾಗಿದ್ದರೆ ಹೊಸ ಗೀಸರ್ ತಂದು ಅಲ್ಲಿಯೇ ಹಾಕಿದರೂ ಅಪಾಯ ಹಾಗೆಯೇ ಉಳಿಯುತ್ತದೆ.

2. ಒಲೆ ಬಳಸಬಹುದೇ ಎಂದು ಕೇಳಿ. ಗೀಸರಿನ ವಾಲ್ವ್ ಮಾತ್ರ ಮುಚ್ಚಿದ್ದರೆ ಅಡುಗೆಗೆ ಅಡ್ಡಿಯಿಲ್ಲ. ಸೋರಿಕೆ ಇದ್ದರೆ ಇಡೀ ಮನೆಯ ಗ್ಯಾಸ್ ನಿಲ್ಲಿಸಬಹುದು.

3. ಮನೆಯ ಎಲ್ಲರಿಗೂ ತಿಳಿಸಿ. ಕೆಲಸಕ್ಕೆ ಹೋದವರು ರಾತ್ರಿ ಬಂದು ಗೊತ್ತಿಲ್ಲದೆ ವಾಲ್ವ್ ತಿರುಗಿಸುವುದುಂಟು. ಗೀಸರಿನ ಮೇಲೆ ‘ಹಚ್ಚಬೇಡಿ’ ಎಂದು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಅಂಟಿಸಿ. ಊರಿನಿಂದ ನೆಂಟರು ಬಂದಿದ್ದರೆ ಅವರಿಗೂ ಹೇಳಿ.

4. ಯಾರಿಗಾದರೂ ಲಕ್ಷಣಗಳು ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ. ಆದರೆ ಶುದ್ಧ ಗಾಳಿಯಲ್ಲಿ ನಾಲ್ಕರಿಂದ ಆರು ಗಂಟೆಗಳಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುವುದರಿಂದ ತಡವಾದಷ್ಟೂ ಪತ್ತೆ ಕಷ್ಟ.

5. ಬಿಸಿನೀರಿಗೆ ಬೇರೆ ದಾರಿ ಮಾಡಿಕೊಳ್ಳಿ. ಒಲೆಯ ಮೇಲೆ ಕಾಯಿಸುವುದಾದರೆ ಅಡುಗೆಮನೆಯ ಕಿಟಕಿ ತೆರೆದಿರಲಿ. ಬಿಸಿನೀರಿನ ಪಾತ್ರೆ ಮಕ್ಕಳ ಕೈಗೆ ಸಿಗದಿರಲಿ. ನೀರಿನ ಬಕೆಟಿಗೆ ಹಾಕುವ ಕರೆಂಟ್ ರಾಡ್ ಬಳಸುವವರು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಎಲೆಕ್ಟ್ರಿಕ್ ಗೀಸರ್ ಹಾಕಿಸುವುದಾದರೆ ಅರ್ಥಿಂಗ್ ಸರಿಯಿದೆಯೇ, ಶಾಕ್ ತಡೆಯುವ ಸ್ವಿಚ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಹಳೆಯ ಕಟ್ಟಡಗಳಲ್ಲಿ ಇದು ತೀರ ಅಗತ್ಯ.

ಬಾಡಿಗೆ ಮನೆಯಾದರೆ?

ಗ್ಯಾಸಿನ ಪೈಪು, ಮೀಟರು ಕಂಪನಿಯ ಹೊಣೆ. ಗೀಸರ್ ಅದರ ಮಾಲೀಕರದು. ಅದನ್ನು ಮನೆಯ ಮಾಲೀಕರು ಹಾಕಿಸಿದ್ದರೆ, ಚೀಟಿಯ ಫೋಟೋದೊಂದಿಗೆ ಅದೇ ದಿನ ಅವರಿಗೆ ವಾಟ್ಸ್ಯಾಪ್ ಅಥವಾ ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಸಂದೇಶದಲ್ಲಿ ಇಷ್ಟು ಇದ್ದರೆ ಸಾಕು: ತಪಾಸಣೆಯ ತಾರೀಖು, ತಂತ್ರಜ್ಞರು ಹೇಳಿದ ದೋಷ, ಗೀಸರ್ ಬಂದ್ ಮಾಡಲಾಗಿದೆ ಎಂಬ ವಿಷಯ, ರಿಪೇರಿ ಅಥವಾ ಬದಲಾವಣೆ ಯಾವಾಗ ಮಾಡಿಸುತ್ತೀರಿ ಎಂಬ ಪ್ರಶ್ನೆ. ‘ಕಿಟಕಿ ಸ್ವಲ್ಪ ತೆರೆದು ಉಪಯೋಗಿಸಿ’ ಎಂಬ ಉತ್ತರ ಬಂದರೆ ಒಪ್ಪಬೇಡಿ. ಅಡ್ವಾನ್ಸ್ ಕೊಟ್ಟಾಗಿದೆ, ಮಾಲೀಕರ ಮನಸ್ಸು ಕೆಡಿಸುವುದೇಕೆ ಎಂದು ಸುಮ್ಮನಾಗುವವರು ಹಲವರು. ಆದರೆ ಆ ಬಾತ್‌ರೂಮಿನೊಳಗೆ ಹೋಗುವವರು ನಿಮ್ಮ ಮನೆಯವರು.

ಹೊಗೆ ಕೊಳವೆ ಕಟ್ಟಡದ ಡಕ್ಟಿಗೆ ತೆರೆದುಕೊಳ್ಳುವುದಾದರೆ ಸೊಸೈಟಿಯ ಕಾರ್ಯದರ್ಶಿಗೂ ತಿಳಿಸಿ. ಕಿರಿದಾದ, ಮೇಲೆ ಮುಚ್ಚಿದ ಡಕ್ಟಿನಲ್ಲಿ ನಿಮ್ಮ ಹೊಗೆ ಪಕ್ಕದ ಅಥವಾ ಮೇಲಿನ ಮನೆಯ ಕಿಟಕಿಯೊಳಗೆ ಹೋಗಬಹುದು.

ರಿಪೇರಿ ಮಾಡಿಸುವಾಗ ಗಮನಿಸಬೇಕಾದದ್ದು

ರಿಪೇರಿಗೆ ಗೀಸರ್ ಕಂಪನಿಯ ಅಧಿಕೃತ ಸರ್ವೀಸ್‌ನವರನ್ನೇ ಕರೆಯಿರಿ. ನಲ್ಲಿ ಕೆಲಸ ಚೆನ್ನಾಗಿ ಬಲ್ಲ ಪ್ಲಂಬರಿಗೆ ಬರ್ನರ್, ಜೆಟ್, ಹೊಗೆ ಕೊಳವೆಗಳ ತಿಳಿವಳಿಕೆ ಇರಬೇಕೆಂದಿಲ್ಲ. ಬಂದವರನ್ನು ಈ ಪ್ರಶ್ನೆಗಳನ್ನು ಕೇಳಿ:

• ಈ ಮಾಡೆಲ್ ಯಾವ ಗ್ಯಾಸಿಗೆ ಮಾಡಿದ್ದು? ಹೆಸರುಪಟ್ಟಿಯಲ್ಲಿ ಏನಿದೆ?
• ಉರಿಯಲು ಗಾಳಿ ಎಲ್ಲಿಂದ ಬರುತ್ತದೆ? ಹೊಗೆ ಎಲ್ಲಿಗೆ ಹೋಗುತ್ತದೆ?
• ಇದನ್ನು ಬಾತ್‌ರೂಮಿನ ಹೊರಗೆ, ಬಯಲು ಗಾಳಿಯಾಡುವ ಜಾಗಕ್ಕೆ ಸಾಗಿಸಬಹುದೇ?

ಗೀಸರುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಹೊಗೆ ಕೊಳವೆಯೇ ಇಲ್ಲದ ಸಣ್ಣ ಗೀಸರ್ ಮೊದಲನೆಯದು. ಬಾತ್‌ರೂಮಿನೊಳಗೆ ಇದಕ್ಕೆ ಜಾಗವೇ ಇಲ್ಲ. ಕೋಣೆಯ ಗಾಳಿ ಎಳೆದುಕೊಂಡು ಕೊಳವೆಯ ಮೂಲಕ ಹೊಗೆಯನ್ನು ಹೊರಗೆ ಬಿಡುವುದು ಎರಡನೆಯದು. ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುವ, ಕೋಣೆಯ ಗಾಳಿಯನ್ನು ಮುಟ್ಟದ ಮುಚ್ಚಿದ ಬಗೆ ಮೂರನೆಯದು. ಮೂರರಲ್ಲಿ ಇದೇ ಹೆಚ್ಚು ಸುರಕ್ಷಿತ, ಬೆಲೆಯೂ ಹೆಚ್ಚು.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ಉರಿಯುತ್ತಲೇ ಇರಬಹುದು. ಎರಡನೆಯ ಬಗೆಯ ಗೀಸರಿದ್ದಲ್ಲಿ, ಗಾಳಿ ಒಳಗೆ ಬರಲು ದಾರಿಯಿಲ್ಲದಿದ್ದರೆ, ಫ್ಯಾನ್ ಹೊಗೆಯನ್ನು ಕೊಳವೆಯಿಂದ ವಾಪಸ್ ಒಳಗೆ ಎಳೆಯಲೂಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಹೆಚ್ಚುವರಿ ರಕ್ಷಣೆ. ಅಡುಗೆ ಅನಿಲದ ಸೋರಿಕೆ ಹಿಡಿಯುವ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ನೋಡಿ. ಅಲಾರಂ ಇದ್ದರೂ ದೋಷವಿರುವ ಗೀಸರನ್ನು ಬಳಸುವಂತಿಲ್ಲ.

ದೋಷ ಸರಿಪಡಿಸಿದ ಮೇಲೆ ವಾಲ್ವ್ ಮುಚ್ಚಿದವರಿಗೇ ಫೋನ್ ಮಾಡಿ, ಮತ್ತೆ ತಪಾಸಣೆ ಮಾಡಿಸಿ. ಬಾಗಿಲು ಮುಚ್ಚಿ ಗೀಸರನ್ನು ಕೆಲವು ನಿಮಿಷ ಉರಿಸಿ, ಕಾರ್ಬನ್ ಮೊನಾಕ್ಸೈಡ್ ಅಳೆಯುವ ಉಪಕರಣದಿಂದ ಒಳಗಿನ ಗಾಳಿ ನೋಡುವಂತೆ ಕೇಳಿಕೊಳ್ಳಿ. ಸರಿಯಿದೆ ಎಂದು ಬರೆಸಿಕೊಂಡು ಆ ಕಾಗದವನ್ನು ಗ್ಯಾಸ್ ಬಿಲ್ಲುಗಳ ಜೊತೆ ಇಡಿ. ಆಮೇಲೆ ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ.

ಬಾತ್‌ರೂಮಿನಲ್ಲಿ ಯಾರಾದರೂ ಕುಸಿದುಬಿದ್ದರೆ

ಕರೆದರೂ ಉತ್ತರ ಬರದಿದ್ದರೆ ಕಾಯಬೇಡಿ. ಬಾಗಿಲು ಒಡೆಯಿರಿ. ಆಳವಾಗಿ ಉಸಿರೆಳೆದು, ಉಸಿರು ಬಿಗಿಹಿಡಿದು ಒಳಗೆ ಹೋಗಿ ಬಿದ್ದವರನ್ನು ತೆರೆದ ಗಾಳಿಗೆ ಎಳೆದು ತನ್ನಿ. ಒಳಗೇ ನಿಂತು ಆರೈಕೆ ಮಾಡಲು ಹೋದರೆ ನೀವೂ ಬೀಳುತ್ತೀರಿ. ಗೀಸರ್ ಆರಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿರಿ. 108 ಅಥವಾ 112ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಉಸಿರಿಲ್ಲದಿದ್ದರೆ ಎದೆಯ ಮಧ್ಯೆ ಬಲವಾಗಿ, ವೇಗವಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ.

ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ‘ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಹೇಳಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕದ್ದೆಂದೇ ಎಣಿಸುತ್ತದೆ. ಹಾಗಾಗಿ ಅದರಲ್ಲಿ 98 ಕಂಡರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಚಿಕಿತ್ಸೆ ಎಂದರೆ ಮಾಸ್ಕ್ ಮೂಲಕ ಕೊಡುವ ಶುದ್ಧ ಆಮ್ಲಜನಕ. ಆಗ ವಿಷದ ಪ್ರಮಾಣ ಒಂದರಿಂದ ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ತೀವ್ರ ಪ್ರಕರಣಗಳಲ್ಲಿ ಹೆಚ್ಚಿನ ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವುದೂ ಉಂಟು. ಇದಕ್ಕೆ ಬದಲಾಗಿ ಕೊಡಬಹುದಾದ ಮಾತ್ರೆಯಾಗಲಿ ಟಾನಿಕ್ ಆಗಲಿ ಇಲ್ಲ.

ಚೇತರಿಸಿಕೊಂಡು ಮನೆಗೆ ಬಂದ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ಸಿಡುಕು, ನಡಿಗೆಯಲ್ಲಿ ತೊಡಕು ಕಾಣಿಸಿದರೆ ಮತ್ತೆ ವೈದ್ಯರ ಬಳಿ ಹೋಗಿ. ಈ ವಿಷದ ಪರಿಣಾಮ ತಡವಾಗಿಯೂ ಕಾಣಿಸಬಹುದು.

ಗ್ಯಾಸ್ ವಾಸನೆ ಬಂದರೆ ಮಾತ್ರ ಕ್ರಮ ಬೇರೆ: ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಬೆಂಕಿಕಡ್ಡಿ ಗೀಚಬೇಡಿ. ವಾಲ್ವ್ ಮುಚ್ಚಿ, ಕಿಟಕಿಗಳನ್ನು ತೆರೆದು, ಹೊರಗೆ ಬಂದ ಮೇಲೆ ಫೋನ್ ಮಾಡಿ. ಸಿಲಿಂಡರಾದರೆ 1906, ಪೈಪ್ ಗ್ಯಾಸಾದರೆ ನಿಮ್ಮ ಬಿಲ್ಲಿನ ಮೇಲಿರುವ ತುರ್ತು ನಂಬರು. ಆ ನಂಬರನ್ನು ಇವತ್ತೇ ಮನೆಯ ಎಲ್ಲರ ಫೋನಿನಲ್ಲಿ ಸೇವ್ ಮಾಡಿಡಿ. ಹಾಗೆಯೇ ಒಮ್ಮೆ ಬಾತ್‌ರೂಮಿಗೆ ಹೋಗಿ, ನಿಮ್ಮ ಗೀಸರಿನ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಉತ್ತರ ಸಿಗದಿದ್ದರೆ, ಯಾರಾದರೂ ಬಂದು ವಾಲ್ವ್ ಮುಚ್ಚುವವರೆಗೆ ಕಾಯಬೇಡಿ. ನೀವೇ ಮುಚ್ಚಿ, ತಪಾಸಣೆಗೆ ಫೋನ್ ಮಾಡಿ.